ಎಡಗೈ ಮರೆಯದ ಗೇರು

ಮಾರ್ಚ್ ೪, ಬೆಳಗ್ಗೆ

ಆರ್ಡರಿನ ಎರಡು ಕೇಕು ಓವನ್‌ನಲ್ಲಿ. ಅಕ್ಕ ಕ್ರೀಮು ಬೀಟ್ ಮಾಡುತ್ತಿದ್ದಾಳೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ — ಎದುರುಮನೆ ಮೇಷ್ಟ್ರು ತಮ್ಮ ಹಳೇ ಸ್ಕೂಟರ್ ಕೊಡಲು ಒಪ್ಪಿದ್ದಾರೆ! ಹ್ಯಾಂಡ್ ಗೇರಿನದು. ತಿಳಿ ನೀಲಿ. ಇಷ್ಟು ವರ್ಷವಾದರೂ ಒಂದು ಗೀರೂ ಇಲ್ಲ.

ನಿನ್ನೆ ಓಡಿಸಿ ನೋಡಿದೆ. ಮೊದಲು ಸ್ಟಾರ್ಟೇ ಆಗಲಿಲ್ಲ. "ಓರೆ ಮಾಡಿ ಒದೀಬೇಕಮ್ಮಾ," ಎಂದರು. ಗೊತ್ತು ಮೇಷ್ಟ್ರೇ, ಅಪ್ಪನದೂ ಹಾಗೇ ಇತ್ತು! ಪಕ್ಕಕ್ಕೆ ವಾಲಿಸಿ ಒಂದೇ ಕಿಕ್ಕು — ಢರ್ರ್! ಕ್ಲಚ್ ಒತ್ತಿ ಮಣಿಕಟ್ಟು ತಿರುಗಿಸಿದೆ, ಗೇರು ಟಕ್ಕಂತ ಕೂತಿತು. ಮುಟ್ಟಿ ಎಷ್ಟು ಕಾಲವಾಗಿತ್ತು… ಎಡಗೈ ಏನೂ ಮರೆತಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು.

ಸಂಜೆ

ಅಕ್ಕನದು ಬೇರೆ ರಾಗ. "ಶೋರೂಮಿನ ಹೊಸ ಗಾಡೀನೂ ಒಂದ್ಸಲ ನೋಡೋಣ ಕಣೇ. ಗೇರೇ ಇಲ್ವಂತೆ."

"ನೀನು ಕೂರೋದು ಹಿಂದೆ ತಾನೆ? ಗೇರಿದ್ರೆ ನಿನಗೇನು ಬಿಟ್ರೆ ನಿನಗೇನು?" ಅಂದುಬಿಟ್ಟೆ.

ಮೆಟ್ಟಿಲ ಕೆಳಗೆ ಒಂದೇ ಗಾಡಿಗೆ ಜಾಗ. ಮೇಷ್ಟ್ರು ಮನೆ ಖಾಲಿ ಮಾಡುತ್ತಿದ್ದಾರೆ, ಈ ವಾರವೇ ಹೇಳಬೇಕು. ಸರಿ, ಅವಳ ಸಮಾಧಾನಕ್ಕೆ ಶೋರೂಮಿಗೂ ಹೋಗಿಬರೋಣ.

ಮಾರ್ಚ್ ೬

ಮಾನ ಹೋಯಿತು! ಟ್ರಯಲ್‌ಗೆ ಗಾಡಿ ಕೊಟ್ಟರು. ದಾರಿಯಲ್ಲೇ ಡೆಂಟಿಸ್ಟ್ ಮನೆ, ಕೇಕೂ ತಲುಪಿಸಿಬಿಡೋಣ ಅಂತ ನನ್ನ ಜಾಣತನ. ಡಬ್ಬಿ ಕಾಲ ಬಳಿ, ಅಕ್ಕ ಹಿಂದೆ. ಗಾಡಿ ಸ್ಪೀಡಾಯಿತು. ನನ್ನ ಎಡಗೈ ತನ್ನ ಪಾಡಿಗೆ ತಾನು ಸೆಕೆಂಡ್ ಗೇರಿಗೆಂದು ಕ್ಲಚ್ಚನ್ನು ಗಟ್ಟಿಯಾಗಿ ಒತ್ತಿತು. ಅದು ಕ್ಲಚ್ಚಲ್ಲ — ಬ್ರೇಕು! ಗಾಡಿ ಗಕ್ಕಂತ ನಿಂತಿತು. ಅಕ್ಕನ ಮೂಗು ನನ್ನ ಬೆನ್ನಿಗೆ, ಡಬ್ಬಿ ಮುಂದಕ್ಕೆ, ಕೇಕು ಅಪ್ಪಚ್ಚಿ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನ ಕೈಗೆ ಬುದ್ಧಿ ಜಾಸ್ತಿ ಆಯ್ತು! ನನ್ನ ಕೈಗೆ ಏನೂ ಗೊತ್ತಿಲ್ವಲ್ಲ… ನಾನೊಂದ್ಸಲ ಓಡಿಸ್ಲಾ?"

ಹಿಂದೆ ಅಪ್ಪ ಕಲಿಸಲು ಹೋದಾಗ ಗೇರು ತಪ್ಪಿ ಕಾಂಪೌಂಡಿಗೆ ಗುದ್ದಿದ್ದಳು. "ಇದು ನಿನ್ನ ಕೈಲಾಗಲ್ಲ ಬಿಡು" ಅಂದಿದ್ದರು ಅಪ್ಪ. ಅಂದಿನಿಂದ ಎಲ್ಲಿಗೆ ಹೋಗಬೇಕಾದರೂ ನನ್ನ ಪುರುಸೊತ್ತು ಕಾಯುತ್ತಾಳೆ, ಅಪ್ಪನ ಗಾಡಿ ಹೋದ ಮೇಲೆ ಆಟೋಗೂ. ವಯಸ್ಸು ಐವತ್ತಾಯಿತು.

ಖಾಲಿ ಮೈದಾನಕ್ಕೆ ಕರೆದೊಯ್ದೆ. ಎರಡೂ ಕಾಲು ಎಳೆಯುತ್ತಾ, ಕಿರುಚುತ್ತಾ… ಆಮೇಲೆ ಕಾಲು ಮೇಲೆ ಬಂತು. ಹೋದಳು! ಮುಖ ನೋಡಬೇಕಿತ್ತು! ಅಕ್ಕನನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ನನಗೂ ಕುಣಿಯುವಷ್ಟು ಖುಷಿ. ಒಳಗೆ ಸಣ್ಣ ಸಂಕಟವೂ — ನೀಲಿ ಸ್ಕೂಟರ್ ಕೈತಪ್ಪಿತು.

ಮಾರ್ಚ್ ೭

ಸ್ಕೂಟರ್ ಬೇಡ ಅಂತ ಮೇಷ್ಟ್ರಿಗೆ ಹೇಳಿದೆ. "ಅಷ್ಟು ಆಸೆ ಪಟ್ಟಿದ್ದೆಯಲ್ಲಮ್ಮಾ?"

"ಈಗ್ಲೂ ಆಸೆ ಇದೆ ಮೇಷ್ಟ್ರೇ. ಆದ್ರೆ ಇದನ್ನ ನಾನೊಬ್ಳೇ ಓಡಿಸ್ಬಹುದು. ಅದನ್ನ ಇಬ್ರೂ."

ಕೀ ನನ್ನ ಕೈಗಿಟ್ಟರು. "ಹಾಗಾದ್ರೆ ಕೊನೇದಾಗಿ ಒಂದು ರೌಂಡು ಹೊಡ್ಕೊಂಡು ಬಾ."

ಹೊಡೆದೆ. ದಾರಿಯುದ್ದಕ್ಕೂ ಅತ್ತೆ.

ಏಪ್ರಿಲ್ ೨೧, ಬೆಳಗ್ಗೆ

ಅಕ್ಕನಿಗೆ ಲೈಸೆನ್ಸ್ ಬಂತು!! ಇವತ್ತು ಮೊದಲ ಸಲ ನಮ್ಮ ಹೊಸ ಗಾಡಿಯಲ್ಲಿ ಒಬ್ಬಳೇ ಹೋಗಿದ್ದಾಳೆ, ಲೈಬ್ರರಿಯವರ ಕೇಕು ಕೊಡಲು. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಗೀಚುತ್ತಿದ್ದೇನೆ. ಜೀವ ಬಾಯಿಗೆ ಬಂದಿದೆ. "ನಿಧಾನ ಕಣಕ್ಕ" ಅಂದದ್ದಕ್ಕೆ, "ನೀನು ಓವನ್ ನೋಡ್ಕೋ ಹೋಗು" ಅಂದಳು. ಜಂಭ ನೋಡು!

ತಿರುವಿನಲ್ಲಿ ಕೆಂಪು ಹೆಲ್ಮೆಟ್… ಅವಳೇ! ಡಬ್ಬಿ ಇಲ್ಲ — ಕೊಟ್ಟು ಬಂದಿದ್ದಾಳೆ! ಬೆನ್ನು ನೆಟ್ಟಗೆ, ಅದರ ಮೇಲೆ ಹಾರ್ನ್ ಬೇರೆ. ಓಡಿ ಗೇಟು ತೆಗೆದೆ.

ನಿಲ್ಲಿಸಲೇ ಇಲ್ಲ! ಕೈ ಬೀಸಿ ಮನೆ ದಾಟಿಯೇ ಹೋದಳು! ಆ ಕಡೆ ನಮಗೆ ಏನು ಕೆಲಸ? ಯಾರಿದ್ದಾರೆ? ಅಯ್ಯೋ ಅಕ್ಕಾ, ಎಲ್ಲಿಗೇ —