ತೂಬು ಕಾಯುವ ಅಣ್ಣನಿಗೆ

ಫ್ರೀಸ್‌ಲ್ಯಾಂಡ್, ಮಾರ್ಚ್

ಡೌವೆ ಅಣ್ಣನಿಗೆ,

ಬೇಸಿಗೆಯಲ್ಲಿ ಕಾಲುವೆ ಬತ್ತಿದಾಗ ನೀನು, "ಹೊಳೇಲೇ ನೀರಿಲ್ಲ ಕಣೇ, ತೂಬು ಹೆಂಗೆ ಎತ್ಲಿ?" ಎಂದೆ. ನಾನು ನಂಬಿದೆ. ಚಳಿಗಾಲದ ಮಳೆಗೆ ನಮ್ಮ ಹುಲ್ಲುಗಾವಲು ಮುಳುಗಿ, ಪಕ್ಕದ ಗಾಜಿನಮನೆಯ ಹೂದೋಟಕ್ಕೆ ಮಾತ್ರ ಹನಿ ನೀರೂ ನುಗ್ಗದಿದ್ದಾಗಲೂ ನಾನು ನಿನ್ನನ್ನು ಅನುಮಾನಿಸಲಿಲ್ಲ.

ನಿನ್ನೆ ಅಮ್ಮ ಕಾಫಿ ಕೊಟ್ಟರೆ ನೀನು, "ಇದು ಬಾವಿ ನೀರಾ, ನಲ್ಲಿ ನೀರಾ?" ಎಂದು ಕೇಳಿದೆ.

"ಓಹೋ, ದೊಡ್ಡ ಸಾಹೇಬ! ಆ ಬಾವಿ ನೀರು ಕುಡ್ದೇ ಅಲ್ವೇನೋ ಇಷ್ಟುದ್ದ ಬೆಳ್ದಿದ್ದು?" ಎಂದು ಅಮ್ಮ ನಕ್ಕಳು. ನೀನು ನಗಲಿಲ್ಲ. ಕಪ್ ಮುಟ್ಟದೆ ಎದ್ದು ಹೋದೆ.

ಆ ಗಾಜಿನಮನೆಯ ಹೂಗಳಿಗೆ ಹೊಡೆಯುವ ಔಷಧಿ ನಿನ್ನ ತೂಬು ದಾಟಿ ನಮ್ಮ ಬಾವಿಗೆ ಇಳಿಯುತ್ತಿರುವುದು ನಿನಗೆ ಮೊದಲೇ ಗೊತ್ತಿತ್ತೇ?

ಬಾವಿ ಮುಚ್ಚಿದ್ದೇನೆ. ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿದ್ದೇನೆ, ನಿನ್ನ ನೀರಾವರಿ ಕಚೇರಿಗಲ್ಲ. ಅದರ ಫಲಿತಾಂಶ ಬರುವ ಮೊದಲು ನೀನೇ ಬಂದು ಅಮ್ಮನಿಗೆ ನಿಜ ಹೇಳು. ಮಗನಿಗೆ ಕಾಫಿ ಸೇರಲಿಲ್ಲವೆಂದೇ ಅವಳು ಕೊರಗುತ್ತಿದ್ದಾಳೆ.

ನಿನ್ನ ತಂಗಿ,
ಹಿಲ್ಕೆ