ಉಪವಾಸದ ದಿನದ ರೊಟ್ಟಿ

ಲಿಥುವೇನಿಯಾ, 1946

ಪೂಜ್ಯ ಧರ್ಮಗುರು ರಬ್ಬಿಗಳಿಗೆ, ನಿಮ್ಮ ಮನೆಯ ಅಡುಗೆಯ ಫ್ರೂಮಾಳ ವಂದನೆಗಳು.

ನಿಮ್ಮ ಪತ್ರ ಬಂತು. ನೀವು ಕೇಳಿದ ಗ್ರಂಥಗಳನ್ನು ಕಟ್ಟಿಟ್ಟಿದ್ದೇನೆ. ಕೆಲವು ಹಾಳೆಗಳಿಗೆ ಬೂಷ್ಟು ಹಿಡಿದಿದೆ.

"ಯಾರೂ ಊರು ಬಿಡಬೇಡಿ, ದೇವರು ನೋಡ್ಕೋತಾನೆ" ಎಂದ ವಾರವೇ ನೀವು ಹಡಗು ಹತ್ತಿದಿರಿ. ಆಮೇಲೆ ಜರ್ಮನರು ನಮ್ಮ ಯಹೂದಿ ಕೇರಿಗೆ ಬೇಲಿ ಹಾಕಿದರು. ಆದರೂ ಹೆಂಗಸರು ಧರ್ಮಸಂದೇಹ ಕೇಳಲು ನಿಮ್ಮ ಬಾಗಿಲಿಗೇ ಬರುತ್ತಿದ್ದರು.

ಪಾಪಗಳಿಗೆ ಕ್ಷಮೆ ಬೇಡುವ ಯೋಮ್ ಕಿಪ್ಪುರ್ ಉಪವಾಸದಂದು ಬಸುರಿ ಶೀನಾ ಬಂದಳು. ನಿಲ್ಲಲೂ ಶಕ್ತಿಯಿರಲಿಲ್ಲ.

"ಫ್ರೂಮಕ್ಕ, ತಿನ್ನಬಹುದಾ? ನೀನೇ ಹೇಳು, ಇನ್ಯಾರನ್ನ ಕೇಳ್ಲಿ?"

ಇಪ್ಪತ್ತು ವರ್ಷ ಅಡುಗೆಮನೆಯಿಂದ ನಿಮ್ಮ ತೀರ್ಪುಗಳನ್ನು ಕೇಳಿಸಿಕೊಂಡವಳು ನಾನು.

"ತಿನ್ನು ತಾಯಿ" ಅಂದೆ. ಅವಳಿಗೆ ಧೈರ್ಯ ಬರಲಿಲ್ಲ. ಅವಳೆದುರೇ ರೊಟ್ಟಿಯ ಮೊದಲ ತುತ್ತು ನಾನು ತಿಂದೆ. ಅದುವರೆಗೆ ಆ ಉಪವಾಸವನ್ನು ಒಮ್ಮೆಯೂ ಮುರಿದವಳಲ್ಲ ನಾನು.

ದೇವರು ಮುಖ ಮರೆಸಿಕೊಂಡ ಕಾಲವದು ಎಂದು ಬರೆದಿದ್ದೀರಿ. ಇರಬಹುದು. ಅವನ ಮುಖವನ್ನು ನಾವು ಮೊದಲೂ ಕಂಡಿರಲಿಲ್ಲ. ದಿನಾ ಕಾಣುತ್ತಿದ್ದದ್ದು ನಿಮ್ಮದು.

ಕ್ಷಮೆಯನ್ನೂ ಕೇಳಿದ್ದೀರಿ. ನೊಂದವರ ಪರವಾಗಿ ದೇವರೂ ಕ್ಷಮಿಸುವಂತಿಲ್ಲ ಎಂದು ಕಲಿಸಿದವರು ನೀವೇ. ಶೀನಾ, ಜರ್ಮನರು ಕೊಂದ ಉಳಿದವರ ಜೊತೆ, ಕಾಡಿನ ಗುಂಡಿಯಲ್ಲಿದ್ದಾಳೆ. ನನ್ನ ಕ್ಷಮೆ ಬೇಕಿದ್ದರೆ ಬಂದು ಕೇಳಿ.

ಬರುವಾಗ ಅಡುಗೆಮನೆಯ ಬಾಗಿಲಿನಿಂದ ಬನ್ನಿ. ನೀವು ತೀರ್ಪು ಹೇಳುತ್ತಿದ್ದ ಮುಂದಿನ ಕೋಣೆಯಲ್ಲಿ ನನಗಾಗಿ ಹೆಂಗಸರು ಕಾದಿರುತ್ತಾರೆ.

ಇಂತಿ,
ಫ್ರೂಮಾ