ತಪ್ಪು ಲೆಕ್ಕದ ಪಾಠ

ಕ್ಲಾನ್‌ಕರಿ,
ಮೇ 12, ಮಂಗಳವಾರ

ಪ್ರೀತಿಯ ಟ್ಯಾಮ್ಸಿನ್,

ನಿನ್ನ ಅಮ್ಮನ ಪಾಠಗಳನ್ನು ಈ ವಾರದ ಕೊನೆಗೆ ನಿಲ್ಲಿಸುತ್ತಾರೆ. ಶಾಲೆಯ ಕಚೇರಿಯ ಬ್ರಾನ್ವಿನ್ ನಿನ್ನೆ ಮನೆಗೆ ಬಂದು ತಿಳಿಸಿದಳು. ಹೊಸ ಟೀಚರು ತನ್ನ ಪಾಠಗಳನ್ನು ರೆಕಾರ್ಡ್ ಮಾಡಿ ಮುಗಿಸಿದ್ದಾಳಂತೆ. ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡ ಮೇಲೂ ಮಕ್ಕಳು ಇಷ್ಟು ದಿನ ಅವಳ ದನಿಯಲ್ಲೇ ಲೆಕ್ಕ ಕಲಿಯುತ್ತಿದ್ದರು.

ನಿನ್ನ ಮಾರ್ಚ್ ತಿಂಗಳ ಪತ್ರ ಮೇಜಿನ ಮೇಲೇ ಇದೆ. ನನ್ನನ್ನು ಬೇಡ ಅಂದವಳ ಮಣ್ಣಿಗೆ ಯಾವ ಮುಖ ಇಟ್ಟುಕೊಂಡು ಬರಬೇಕಿತ್ತು ಎಂದು ನೀನು ಕೇಳಿದ್ದೆ. ಅದಕ್ಕೆ ಬರೆಯಬೇಕಾದ ಉತ್ತರ ನನಗೆ ನಿನ್ನೆ ಸಿಕ್ಕಿತು. ಪತ್ರಿಕೆಗೆ ದನದ ಧಾರಣೆ ಬರೆದು ಬರೆದು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನಿನ್ನ ಸೋದರಮಾವ ಗಾರ್ತ್ ಸಿಗಡಿ ದೋಣಿಯಲ್ಲಿ ಹೋಗಿ ಕೊಲ್ಲಿಯಲ್ಲಿ ಮುಳುಗಿದ ಮೇಲೆ, ಸಮುದ್ರದ ಮಾತು ಬಂದರೆ ಅಮ್ಮ ತಟ್ಟೆ ಬಿಟ್ಟು ಏಳುತ್ತಿದ್ದಳು. ನೀನು ಟೀಚರ್ ತರಬೇತಿ ಬಿಟ್ಟು ಕರುಂಬಾ ಬಂದರಿನಲ್ಲಿ ಅಂಥದೇ ದೋಣಿ ಹತ್ತಿದಾಗ ಅವಳು ಹೇಳಿದ್ದು ನನಗೂ ಮರೆತಿಲ್ಲ. “ಹತ್ತೋದಾದ್ರೆ ಹತ್ತು. ಇಳಿದ್ಯೋ ಇಲ್ವೋ ಅಂತ ನನಗೆ ಹೇಳಿ ಕಳಿಸ್ಬೇಡ.” ಆಮೇಲೆ ಈ ಮನೆಯಲ್ಲಿ ನಿನ್ನ ಹೆಸರು ಎತ್ತಲಿಲ್ಲ. ನಾನು ಎತ್ತಿದರೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಅವಳು ಪಾಠ ರೆಕಾರ್ಡ್ ಮಾಡುತ್ತಿದ್ದುದನ್ನು ನೀನು ನೋಡಿಲ್ಲ. ಅದು ನೀನು ಹೋದ ಮೇಲೆ ಶುರುವಾದದ್ದು. ಮಳೆ ಬಂದರೆ ದೂರದ ದನದ ಫಾರ್ಮುಗಳಿಗೆ ಇಂಟರ್ನೆಟ್ ಸಿಗುವುದಿಲ್ಲ, ಅಲ್ಲಿಂದಲೇ ಕಲಿಯುವ ಮಕ್ಕಳಿಗೆ ಆನ್‌ಲೈನಿನ ನೇರ ಪಾಠ ತಪ್ಪಿಹೋಗುತ್ತದೆ. ಹಾಗಾಗಿ ನಿನ್ನ ಕೋಣೆಯಲ್ಲಿ ಕೂತು ಕಂಪ್ಯೂಟರಿನ ಪರದೆಯನ್ನೇ ವಿಡಿಯೊ ಮಾಡಿ ಕಳಿಸುತ್ತಿದ್ದಳು. ಮುಖ ಕಾಣಿಸಲು ಒಪ್ಪಲಿಲ್ಲ. ಪರದೆಯ ಮೇಲೆ ಅಂಕಿಗಳು, ಅವುಗಳ ಸುತ್ತ ಓಡಾಡುವ ಮೌಸಿನ ಬಾಣ, ಹಿಂದೆ ಅವಳ ದನಿ, ಅಷ್ಟೆ. ಅವಳಿಗೊಂದು ಅಭ್ಯಾಸವಿತ್ತು. ಮೊದಲು ರೆಕಾರ್ಡ್ ಒತ್ತುವುದು, ಆಮೇಲೆ ಪರದೆಯ ಮೇಲಿನದನ್ನೆಲ್ಲ ಮುಚ್ಚಿ ಚೊಕ್ಕಟ ಮಾಡುವುದು. ಪ್ರತಿ ವಿಡಿಯೊದ ಹಿಂದುಮುಂದನ್ನು ಬ್ರಾನ್ವಿನ್ ಕತ್ತರಿಸಿ ಮಕ್ಕಳಿಗೆ ಕಳಿಸುತ್ತಿದ್ದಳು.

ಕತ್ತರಿಸದ ಮೂಲಗಳನ್ನು ನಿನ್ನೆ ಅವಳು ಒಂದು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಳು. ಎಲ್ಲ ನೋಡಿ ಮುಗಿಸಿಲ್ಲ. ನೋಡಿದ ಪ್ರತಿಯೊಂದೂ ಶುರುವಾಗುವುದು ಒಂದೇ ಪುಟದಿಂದ. ಕೊಲ್ಲಿಯ ನಕ್ಷೆ, ದೋಣಿಗಳು ಎಲ್ಲೆಲ್ಲಿವೆ ಎಂದು ಚುಕ್ಕೆಗಳಲ್ಲಿ ತೋರಿಸುವಂಥದ್ದು. ಬಾಣ ಹೋಗಿ ಒಂದು ಚುಕ್ಕೆಯ ಮೇಲೆ ನಿಲ್ಲುತ್ತದೆ. ‘ಕಾರಾಲಿ’ ಎಂದು ಹೆಸರು ಮೂಡುತ್ತದೆ. ಅದು ನಿನ್ನ ದೋಣಿ. ಸ್ವಲ್ಪ ಹೊತ್ತು ಹಾಗೇ ಇದ್ದು ಪುಟ ಮುಚ್ಚುತ್ತದೆ, ಅಮ್ಮ ಮಕ್ಕಳಿಗೆ ನಮಸ್ಕಾರ ಹೇಳುತ್ತಾಳೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಬ್ರಾನ್ವಿನ್‌ಳನ್ನು ಕೇಳಿದೆ. “ಪ್ರತಿ ಸಲ ಅದೇ ದೋಣಿ, ಮರ್ವಿನ್. ನಿಮ್ಮಿಬ್ಬರಿಗೂ ಗೊತ್ತಿರೋ ವಿಷಯ ಅಂದ್ಕೊಂಡಿದ್ದೆ” ಎಂದಳು.

ಹೋದ ವರ್ಷದ ಏಪ್ರಿಲ್ ಬಿರುಗಾಳಿ ನಿನಗೆ ನನಗಿಂತ ಚೆನ್ನಾಗಿ ನೆನಪಿರಬೇಕು. ಆ ಬೆಳಗಿನ ರೆಕಾರ್ಡಿಂಗಿನಲ್ಲಿ ಬಾಣ ನಕ್ಷೆಯ ಮೇಲೆಲ್ಲ ಹುಡುಕುತ್ತದೆ. ಕಾರಾಲಿ ಇಲ್ಲ. ಪುಟವನ್ನು ಮತ್ತೆ ಮತ್ತೆ ತೆರೆಯುತ್ತಾಳೆ, ಇಲ್ಲ. ಆಮೇಲೆ ಪುಟ ಮುಚ್ಚಿ, ಮಾರಿದ ದನಗಳನ್ನು ಕಳೆಯುವ ಲೆಕ್ಕ ಶುರು ಮಾಡುತ್ತಾಳೆ. ಕಳೆಯುವ ಚಿಹ್ನೆ ಹಾಕಿ, ಅಂಕಿಗಳನ್ನು ಕೂಡಿಸುತ್ತಾಳೆ. ಪಾಠ ಪೂರ್ತಿ ಹಾಗೇ. ದನಿ ಮಾತ್ರ ಎಂದಿನಂತೆಯೇ ಇದೆ.

ಆ ಪಾಠ ಹಾಗೇ ಮಕ್ಕಳಿಗೆ ಹೋಯಿತು. ಫಾರ್ಮೊಂದರ ಹುಡುಗಿ ಕೀಲಿ ಮಾರನೇ ವಾರ ಎಲ್ಲರೆದುರು ಅಮ್ಮನ ತಪ್ಪು ಹಿಡಿದಳು. “ಮಿಸ್, ನಿಮ್ಮ ಲೆಕ್ಕದಲ್ಲಿ ದನ ಮಾರಿದ್ರೆ ದನ ಜಾಸ್ತಿ ಆಗ್ತವೆ. ನಮ್ಮಪ್ಪಂಗೂ ಹೇಳ್ಕೊಡಿ.” ಇಡೀ ತರಗತಿ ನಕ್ಕಿತು. ಅಮ್ಮ ಮನೆಯಲ್ಲಿ ಹೇಳಿದಾಗ ನಾನೂ ನಕ್ಕೆ. ವಯಸ್ಸಾಯ್ತು ಎಂದೂ ರೇಗಿಸಿದೆ. ಅವಳು ಹೌದು ಎಂದಳು.

ಪೆನ್‌ಡ್ರೈವನ್ನು ಈ ಪತ್ರದ ಜೊತೆ ಕರುಂಬಾಕ್ಕೆ ಹೋಗುವ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಬಂದರಿನ ಐಸ್ ಕಾರ್ಖಾನೆಯಲ್ಲಿ ಕೊಟ್ಟಿರುತ್ತಾರೆ, ಕೇಳಿ ತೆಗೆದುಕೋ. ನಿನ್ನ ದೋಣಿ ದಡದ ಕಡೆಗೆ ತಿರುಗಿದೆ, ಗುರುವಾರ ಬಂದೀತು. ಈಗ ನಕ್ಷೆ ನೋಡುವವನು ನಾನು.

ಕೊನೆಯ ಸಲ ಯಾವ ಪಾಠ ಹಾಕಲಿ ಎಂದು ಬ್ರಾನ್ವಿನ್ ಮಕ್ಕಳನ್ನು ಕೇಳಿದ್ದಳು. ಎಲ್ಲರೂ ತಪ್ಪು ಲೆಕ್ಕದ್ದೇ ಬೇಕು ಎಂದಿದ್ದಾರೆ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಹಾಕುತ್ತಾರೆ. ಬೇರೆ ಊರಿನಿಂದಲೂ ಸೇರಬಹುದು.

ನಿನ್ನ ಅಪ್ಪ,
ಮರ್ವಿನ್

ಮರೆತಿದ್ದೆ: ಬಿರುಗಾಳಿಯ ದಿನದ್ದನ್ನು ಪೂರ್ತಿ ಕೇಳು. ಪಾಠ ಮುಗಿದ ಮೇಲೂ ಅವಳು ರೆಕಾರ್ಡಿಂಗ್ ನಿಲ್ಲಿಸಿಲ್ಲ. ನಕ್ಷೆ ಮತ್ತೆ ತೆರೆದಿದೆ. ಬಾಣ ಬಹಳ ಹೊತ್ತು ಹುಡುಕುತ್ತದೆ. ಆಮೇಲೆ ಬಂದರಿನ ಹತ್ತಿರ ಕಾರಾಲಿಯ ಚುಕ್ಕೆ ಮೂಡುತ್ತದೆ. “ಬಂದ್ಳು” ಎನ್ನುತ್ತಾಳೆ. ಯಾರು ಬಂದಿದ್ದು ಎಂದು ಅಡುಗೆಮನೆಯಿಂದ ಕೇಳುವ ದನಿ ನನ್ನದು. “ಬಿಸ್ಕೆಟ್. ಬಾಗಿಲು ಕೆರೀತಿದ್ಳು” ಎನ್ನುತ್ತಾಳೆ. ನಮ್ಮ ನಾಯಿ ಬಿಸ್ಕೆಟ್ ಆಗ ನನ್ನ ಕಾಲ ಬಳಿಯೇ ಮಲಗಿತ್ತು. ನಾನು ಚಹಾ ಬೇಕಾ ಎಂದು ಕೇಳಿದೆ. ಬೇಕು ಎಂದಳು.